ಎಡಗೈ ಗೀರು

ಡಿಚೋಲಿಯ ಕೆರೆ ಹಿಂದೆ ನೀರಿನ ಪೈಪಿಗೆ
ಕಾಲುವೆ ತೋಡುವಾಗ ಸಿಕ್ಕಿತು
ಅಂಗೈಯಗಲದ ಬೋಕಿ.
ಎಣ್ಣೆ ಹಚ್ಚಿದ ತಲೆಯ ಹಾಗೆ ಕಪ್ಪು.
ಮಗಳ ಕುಂಟಾಬಿಲ್ಲೆಗಾದೀತೆಂದು
ಸೆರಗಿಗೆ ಕಟ್ಟಿಕೊಂಡೆ.

ಸಂಜೆ ನಲ್ಲಿಯಡಿ ತೊಳೆದರೆ
ಮೂರು ಅಲೆ. ಬರೆದದ್ದಲ್ಲ, ಕೊರೆದದ್ದು,
ಉಗುರು ಇಳಿಯುವಷ್ಟು ಆಳ.
ಮೂರರಾಚೆ ಇನ್ನೇನೋ ಶುರುವಾಗಿ
ಅಲ್ಲೇ ಮುರಿದಿದೆ:
ಮೀನಿನ ಬಾಲವೋ, ಭತ್ತದ ತೆನೆಯೋ,
ಯಾರದೋ ಹುಬ್ಬೋ.

ಸತ್ಯಭಾಮಾಬಾಯಿಯ ಅಂಗಳಕ್ಕೆ ಒಯ್ದೆ.
ಈಗಲ್ಲಿ ನೀರಿನ ಕೊಡ ಮಾಡುವುದಿಲ್ಲ.
ದೀಪಾವಳಿಗೆ ಪಣತಿ, ಹೋಟೆಲಿನ ಕ್ರೋಟನ್ನಿಗೆ ಕುಂಡ,
ಭಜನೆಯವರ ಘುಮಟಕ್ಕೆ
ವರ್ಷಕ್ಕೆ ಹತ್ತೋ ಹನ್ನೆರಡೋ ಗಡಿಗೆ.
ಮುದುಕಿ ಬೋಕಿಯನ್ನು ಮೂಸಿದಳು,
ನಾಲಗೆಗೆ ತಾಗಿಸಿದಳು.
"ನಮ್ಮ ಗದ್ದೆಯದೇ ಮಣ್ಣು," ಅಂದಳು.
ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ.
ಅವಳತ್ತೆಯೂ ಇಂಥದ್ದನ್ನು ಕಂಡವಳಲ್ಲ.

ಆ ಗದ್ದೆ ಗಣಿಯ ಕೆಂಪು ಕೆಸರಿನಡಿ ಮಲಗಿದೆ.
ಮೊಳಕಾಲುದ್ದ ಕೆಂಪು ತೆಗೆದು
ಕೆಳಗಿನ ಬೂದುಮಣ್ಣು ಪುಟ್ಟಿಗೆ ತುಂಬಿದವರು
ನಾನು, ನನ್ನ ಗಂಡ ಫಕೀರೇಶ.
ಭಾನುವಾರ. ಕೂಲಿ ಇಲ್ಲ. ಮೀನುಸಾರಿನ ಊಟ.

ಮೊದಲ ಗಡಿಗೆ ಕೊರೆವಾಗಲೇ ಕುಸಿಯಿತು.
ಎರಡನೆಯದು ಒಣಗಿ ಚಕ್ಕೆ ಎದ್ದಿತು.
ಹಸಿಯೂ ಅಲ್ಲ, ಒಣವೂ ಅಲ್ಲ,
ಚಪ್ಪಲಿಯ ತೊಗಲಿನಂಥ ಒಂದು ಹದ;
ಅದು ಬಂದಾಗ ನಡುರಾತ್ರಿಯಾದರೂ ಏಳಬೇಕು.
ಒಂದು ಚಹಾದ ಹೊತ್ತು ಕೂತು
ಹೊರಟೇಬಿಡುತ್ತದೆ, ಮುನಿದ ಬೀಗನ ಹಾಗೆ.

ಮುರಿದ ಕೊಡೆಯ ಕಡ್ಡಿಯೇ ಅವಳ ಉಳಿ.
ಅಲೆ ಬಂತು, ಬೋಕಿಯ ಅಲೆ ಬರಲಿಲ್ಲ.
ಬೋಕಿಯ ಗೀರಿಗೆ ಬಲದಂಡೆ ಕಡಿದು, ಎಡದಂಡೆ ಇಳಿಜಾರು;
ಇವಳದಕ್ಕೆ ತಿರುಗುಮುರುಗು.
ಕನ್ನಡಿಯೊಳಗಿನ ಮುಖದಂತೆ
ಎಲ್ಲ ಸರಿ, ಎಲ್ಲ ತಪ್ಪು.
ಹನ್ನೊಂದನೆಯದನ್ನು ತಾನೇ ಒದ್ದು ಮುರಿದಳು.

ಆವತ್ತು ಚಹಾ ಕುಡಿಯುತ್ತಿದ್ದೆ.
ಬಸಿ ಎಡಗೈಯಲ್ಲಿತ್ತು.
ಮುದುಕಿ ಆ ಕೈಯನ್ನೇ ನೋಡಿದಳು.
ಈ ಕೈಗೆ ನನ್ನವ್ವ ಸೌಟು ಕಾಸಿ ಇಟ್ಟಿದ್ದಳು.
ಮದುವೆಮನೆಯಲ್ಲಿ ಬಡಿಸಲು ನಿಂತರೆ
ಅತ್ತೆ ಇದನ್ನು ಸೆರಗಿನೊಳಗೆ ಮುಚ್ಚಿಸುತ್ತಿದ್ದಳು.
"ಬಸ್ ಗೊ," ಅಂದಳು ಸತ್ಯಭಾಮಾ.
ಕೊಡೆಕಡ್ಡಿಯನ್ನು ಆ ಕೈಗೇ ಕೊಟ್ಟಳು.

ನಾನು ಕುಂಬಾರಳಲ್ಲ,
ಮಣ್ಣು ತೆಗೆಯುವುದಷ್ಟೇ ಗೊತ್ತು.
ಇದೂ ಅದೇ, ಇರುವೆ ಹೋಗುವಷ್ಟು ಕಾಲುವೆ.
ತೆಗೆದೆ, ಊದಿದೆ, ತೆಗೆದೆ.
ಮಣ್ಣು ಕಳೆದಲ್ಲಿ ಗಡಿಗೆಗೆ ಕಳೆ ಬಂತು.
ನನ್ನ ಮಾತಿನಲ್ಲಿ ಎರಡಕ್ಕೂ ಒಂದೇ ಪದ;
ಅವಳ ಕೊಂಕಣಿಗೆ ಅದನ್ನು ದಾಟಿಸಲು ಹೋಗಿ
ಕೈಸನ್ನೆ ಮಾಡಿ ಸೋತೆ.
ಅವಳು ಬೊಚ್ಚುಬಾಯಿ ತೆರೆದು ನಕ್ಕಳು.

ದಸರೆ ಕಳೆದು ಬಿಸಿಲು ಬಂದಮೇಲೆ
ಹೊಳೆಗುಂಡಿನಿಂದ ಉಜ್ಜಿ,
ತೆಂಗಿನ ಸಿಪ್ಪೆ, ಭತ್ತದ ಹೊಟ್ಟು, ಮೇಲೆ ಸಗಣಿ ಮುಚ್ಚಿ
ಹೊಗೆಯನ್ನು ಹೊರಬಿಡದೆ ಸುಟ್ಟೆವು.
ಆರು ಇಟ್ಟೆವು, ನಾಲ್ಕು ಸೀಳಿದವು.
ಎರಡು ಕಪ್ಪಾಗಿ ಎದ್ದು ಬಂದವು.
ಬೋಕಿಯನ್ನು ಪಕ್ಕ ಹಿಡಿದು
ಮುದುಕಿ ಮೊದಲು ಕಣ್ಣಿಂದಲ್ಲ,
ಹೆಬ್ಬೆರಳಿಂದ ನೋಡಿದಳು.

ಅವಳ ತಂಗಿಯ ಮಗ ತುಳಶಿದಾಸ
ಪಣಜಿಯ ಅಂಗಡಿಯವರನ್ನು ಕರೆತಂದ.
"ಮೂರಲೆಯಾಚೆ ನವಿಲು ಹಾಕಿ, ಚೆನ್ನಾಗಿ ಹೋಗುತ್ತೆ."
ಸತ್ಯಭಾಮಾ ಒಪ್ಪಲಿಲ್ಲ.
ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಕೊರೆಯಬಾರದಂತೆ.
ಮೂರು ಅಲೆ, ಒಂದು ಶುರು,
ಆಮೇಲೆ ಬರೀ ನುಣುಪು.
ಪ್ರತಿ ಗಡಿಗೆಯಲ್ಲೂ ಅಲ್ಲಿಗೇ ಕೈ ಎತ್ತುತ್ತೇನೆ.
ಕೆಲವರು ಕೊಳ್ಳುತ್ತಾರೆ. ಕೆಲವರು
ಪೂರ್ತಿಯಾದದ್ದು ಇಲ್ಲವೇ ಎಂದು ಕೇಳುತ್ತಾರೆ.

ಪೈಪು ಈಗ ಸಾಖಳಿ ರಸ್ತೆಗೆ ತಿರುಗಿದೆ.
ದಿನಕ್ಕೆ ಇಪ್ಪತ್ತಡಿ ತೋಡುತ್ತಿದ್ದವಳು
ಹದಿನಾಲ್ಕಕ್ಕೆ ಇಳಿದಿದ್ದೇನೆ.
ಪುಟ್ಟಿಯ ಮಣ್ಣು ಸುರಿವ ಮುಂಚೆ
ಎಡಗೈ ಬೆರಳಾಡಿಸುತ್ತೇನೆ.
ಮೇಸ್ತ್ರಿ ದಂಡೆಯ ಮೇಲಿಂದ ಕೂಗುತ್ತಾನೆ:
"ಏನವ್ವಾ, ಏನು ಕಳಕೊಂಡಿ?"
ಇನ್ನೂ ಸಿಕ್ಕಿಲ್ಲ, ಅನ್ನುತ್ತೇನೆ.